ನಿಮಗಿದು ಗೊತ್ತೇ? ಫಿಲ್ಟರ್ ಕೊಳ್ಳುವ ಮುನ್ನ ನೀರಿನ ಜಾತಕ

● ಬೆಂಗಳೂರಿನ ನಲ್ಲಿಗಳಿಗೆ ಬರುವ ಕಾವೇರಿ ಹೊರಡುವುದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ. ಅಲ್ಲಿ ಕೆಸರು ಇಳಿಸಿಕೊಂಡು, ಮರಳಿನಲ್ಲಿ ಸೋಸಿಕೊಂಡು, ಕ್ಲೋರಿನ್ ಸೇರಿಸಿಕೊಂಡು, ಸುಮಾರು 100 ಕಿ.ಮೀ. ದೂರ ಸಾಗಿ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಊರು ಸೇರುತ್ತದೆ. 1974ರಲ್ಲಿ ಮೊದಲ ಹಂತ ಶುರುವಾದಾಗಿನಿಂದ ಇದೇ ದಾರಿ. ಅಂದರೆ ಅಡುಗೆಮನೆಯ ಗೋಡೆಗೆ ನೀವು ನೇತುಹಾಕುವುದು ಆ ನೀರಿನ ಎರಡನೇ ಫಿಲ್ಟರ್. ಮೊದಲನೆಯದಕ್ಕೆ ಜಲಮಂಡಳಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಲೇ ಇದ್ದೀರಿ.

● ಹಾಗಾದರೆ ಎರಡನೆಯದು ಬೇಡವೇ? ಅದು ಗೇಟಿನ ಬಳಿಯ ಮೀಟರಿಗೂ ಅಡುಗೆಮನೆಯ ನಲ್ಲಿಗೂ ನಡುವೆ ಏನೇನಿದೆ ಎನ್ನುವುದರ ಮೇಲೆ ನಿಂತಿದೆ. ಕಾವೇರಿ ಬಂದರೆ ಸಂಪಿಗೆ, ಬಾರದ ದಿನ ಬೋರ್‌ವೆಲ್ ನೀರೂ ಅದೇ ಸಂಪಿಗೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಅಲ್ಲಿಗೇ. ಮೂರು ಊರಿನ ನೀರು ಕೂಡಿ ಮೇಲಿನ ಟ್ಯಾಂಕಿಗೆ ಹತ್ತುತ್ತದೆ. ಸಂಪನ್ನು ಕೊನೆಯ ಸಲ ತೊಳೆಸಿದ್ದು ಯಾವಾಗ ಎಂದು ಕೇಳಿದರೆ ಬಹಳ ಮನೆಗಳಲ್ಲಿ ಗೃಹಪ್ರವೇಶದ ವರ್ಷ ನೆನಪಾಗುತ್ತದೆ. ಹದಿನೈದು ಸಾವಿರದ ಮಷಿನ್ ಬೆಲೆ ವಿಚಾರಿಸುವ ಮುನ್ನ ಸಂಪಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದು. ಆ ನೋಟ ಪುಕ್ಕಟೆ.

● ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಬಂದರೆ ಮುಖ ಸಿಂಡರಿಸುತ್ತೇವೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ, ಕ್ಲೋರಿನ್ ಹಾಕಿದ ನೀರು ಮನೆ ಮುಟ್ಟುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಅದರಲ್ಲಿ ಉಳಿದಿರಬೇಕು. ದಾರಿಯಲ್ಲಿ ಪೈಪ್ ಒಡೆದು ಹೊಲಸು ಸೇರಿದರೆ ಕಾಯುವುದು ಅದೇ. ವಾಸನೆ ಸಹಿಸಲಾಗದಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಡಿ, ಬಹುಪಾಲು ಹಾರಿಹೋಗುತ್ತದೆ. ನೊಣ ಕೂರದಂತೆ ಮೇಲೊಂದು ತೆಳು ಬಟ್ಟೆ ಇರಲಿ.

● ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣ, ಖನಿಜಗಳ ಒಟ್ಟು ಮೊತ್ತ. ಅದೇ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ನೀರೇ ಸಿಗದ ಕಡೆ 2000ದವರೆಗೂ ನಡೆಯುತ್ತದೆ. ಕಾವೇರಿ ನೀರು ಸಾಮಾನ್ಯವಾಗಿ 500ರ ಹತ್ತಿರವೂ ಸುಳಿಯುವುದಿಲ್ಲ. ಮಲೆನಾಡಿನ ಬಾವಿ, ಒರತೆಗಳ ನೀರು ಇನ್ನೂ ಹಗುರ.

● ಆ ಪೆನ್ನಿನಂಥ ಟಿಡಿಎಸ್ ಮೀಟರ್ ಇದೆಯಲ್ಲ, ಅದು ಲವಣವನ್ನು ನೋಡುವುದೇ ಇಲ್ಲ! ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಅದರಿಂದ ಅಂದಾಜಿನ ಸಂಖ್ಯೆಯೊಂದನ್ನು ತೋರಿಸುತ್ತದೆ, ಅಷ್ಟೆ. ಕಾಮಾಲೆ ತರುವ ವೈರಸ್ಸಾಗಲಿ, ಬೇಧಿ ತರುವ ಬ್ಯಾಕ್ಟೀರಿಯಾ ಆಗಲಿ ಅದಕ್ಕೆ ಕಾಣುವುದಿಲ್ಲ. ಚರಂಡಿ ಬೆರೆತ ನೀರಿಗೂ ಮೀಟರ್ 180 ಎಂದು ಸಮಾಧಾನ ಹೇಳಬಲ್ಲದು.

● ಇನ್ನೂ ಒಂದು ಲೆಕ್ಕ ನೋಡಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮೀಟರ್ ತೋರಿಸುವ ಅತಿ ಸಣ್ಣ ಅಂಕಿ 1. ಆರ್ಸೆನಿಕ್ ಮಿತಿಯ ನೂರು ಪಟ್ಟು ಇದ್ದರೂ ಪರದೆಯ ಮೇಲಿನ ಸಂಖ್ಯೆ ಅಲುಗಾಡಿದರೆ ಒಂದು ಅಂಕಿ. ಇದು ಕಾಗದದ ಮೇಲಿನ ಭಯವಲ್ಲ. ಯಾದಗಿರಿ ಜಿಲ್ಲೆಯಲ್ಲಿ, ಹಳೆಯ ಚಿನ್ನದ ಗಣಿಯೊಂದಕ್ಕೆ ಸಮೀಪದ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿ, ಅದನ್ನು ಕುಡಿದವರ ಚರ್ಮದ ಮೇಲೆ ಅದರ ಗುರುತುಗಳೂ ಕಂಡಿದ್ದವು.

● ಈಗ ಹಾಲ್‌ನಲ್ಲಿ ನಡೆಯುವ ಜಾದೂ ಪ್ರದರ್ಶನ. ಮಾರಾಟಗಾರ ಟೀಪಾಯಿಯ ಮೇಲೆ ಎರಡು ಗ್ಲಾಸ್ ಇಡುತ್ತಾನೆ. ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ತನ್ನ ಬಾಟಲಿಯ ಆರ್‌ಒ ನೀರು. ಲೋಹದ ಕಡ್ಡಿಗಳಿರುವ ಪುಟ್ಟ ಪೆಟ್ಟಿಗೆಯೊಂದನ್ನು ಎರಡರ ಮೇಲೂ ಕೂರಿಸಿ ಸ್ವಿಚ್ ಒತ್ತುತ್ತಾನೆ. ನಲ್ಲಿ ನೀರು ಮೊದಲು ಹಳದಿಗಟ್ಟಿ, ಆಮೇಲೆ ಕಂದಾಗಿ, ನಿಮಿಷದೊಳಗೆ ಕೊಚ್ಚೆಯಂತಾಗಿ ಮೇಲೆ ಕೆನೆ ಬೇರೆ ಕಟ್ಟುತ್ತದೆ. ಆರ್‌ಒ ನೀರು ಮಾತ್ರ ಹಾಗೇ ತಿಳಿಯಾಗಿರುತ್ತದೆ. "ನೋಡಿ ಆಂಟಿ, ಇಷ್ಟು ದಿನ ಮಕ್ಕಳಿಗೆ ಇದನ್ನೇ ಕೊಟ್ಟಿದ್ದೀರಿ" ಎನ್ನುವ ಹೊತ್ತಿಗೆ ಆಂಟಿಯ ಕೈ ಚೆಕ್ ಪುಸ್ತಕ ಹುಡುಕುತ್ತಿರುತ್ತದೆ.

ಆ ಕೊಚ್ಚೆ ನೀರಿನಿಂದ ಬಂದಿದ್ದಲ್ಲ, ಕಡ್ಡಿಯಿಂದ ಬಂದದ್ದು. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಇರುವುದರಿಂದ ವಿದ್ಯುತ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ಆರ್‌ಒ ನೀರಿನಲ್ಲಿ ಲವಣ ಇಲ್ಲದ್ದರಿಂದ ವಿದ್ಯುತ್ ಹರಿಯದು, ತುಕ್ಕೂ ಏಳದು. ಮುಂದಿನ ಸಲ ಯಾರಾದರೂ ಈ ಆಟ ಹೂಡಿದರೆ ವಾದಕ್ಕಿಳಿಯಬೇಡಿ. ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವರ ಶುದ್ಧ ನೀರಿಗೇ ಹಾಕಿ, "ಈಗ ಸ್ವಿಚ್ ಒತ್ತಿ" ಅನ್ನಿ. ಅದೂ ಕೊಚ್ಚೆಯಾಗುತ್ತದೆ. (ಪೆಟ್ಟಿಗೆ ಅವರದ್ದೇ ಇರಲಿ, ಪ್ಲಗ್ಗಿಗೆ ವೈರ್ ಸಿಕ್ಕಿಸಿ ಮನೆಯಲ್ಲಿ ನೀವೇ ಪ್ರಯೋಗಕ್ಕಿಳಿಯಬೇಡಿ.)

● ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಸಿಪ್ಪೆಯ ಮೂಲಕ ನೀರು ಒಳಗೆ ನುಗ್ಗಿ ಅದು ಉಬ್ಬುತ್ತದೆ. ಈ ಹರಿವನ್ನು ಪಂಪಿನ ಒತ್ತಡದಿಂದ ಹಿಂದಕ್ಕೆ ತಿರುಗಿಸಿದರೆ ಅದೇ ಆರ್‌ಒ. ಉಪ್ಪು ಒಂದು ಕಡೆ ಉಳಿದು ನೀರು ಮಾತ್ರ ಪೊರೆ ದಾಟುತ್ತದೆ. ಕೆಲಸಕ್ಕೆ ಬರುವಂಥ ಪೊರೆಯನ್ನು 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಇಬ್ಬರಲ್ಲಿ ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ನಮ್ಮವರೇ ಆದ ಶ್ರೀನಿವಾಸ ಸೌರಿರಾಜನ್. 1965ರಲ್ಲಿ ಅದೇ ರಾಜ್ಯದ ಕೋಲಿಂಗಾ ಎಂಬ ಸಣ್ಣ ಊರು ಮೊದಲಿಗೆ ಈ ನೀರು ಕುಡಿಯಿತು. ಅಲ್ಲಿಯ ಅಂತರ್ಜಲ ಉಪ್ಪುಪ್ಪು. ಈ ವಿದ್ಯೆ ಹುಟ್ಟಿದ್ದೇ ಉಪ್ಪುನೀರಿಗಾಗಿ ಎನ್ನುವುದು ನೆನಪಿದ್ದರೆ ಸಾಕು, ಸಿಹಿನೀರಿನ ಮನೆಗೆ ಅದು ಬೇಕೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

● ಮನೆಯ ಆರ್‌ಒ ಒಂದು ಲೀಟರ್ ನೀರು ಕೊಡಲು ಸುಮಾರು ಮೂರು ಲೀಟರ್ ಚೆಲ್ಲುವುದು ಮಾಮೂಲಿ. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 12 ಲೀಟರ್ ಹಿಡಿಯಿರಿ. ಚೆಲ್ಲುವುದು 36 ಲೀಟರ್, ವರ್ಷಕ್ಕೆ 13 ಸಾವಿರ ಲೀಟರ್ ದಾಟುತ್ತದೆ. 6,000 ಲೀಟರಿನ ಎರಡು ಟ್ಯಾಂಕರ್ ನೀರು ಸಿಂಕಿನ ಕೆಳಗಿನ ಸಣ್ಣ ಪೈಪಿನಲ್ಲಿ ಸದ್ದಿಲ್ಲದೆ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಸಾರಿತ್ತು. ಈ ಸಣ್ಣ ಪೈಪಿನ ಮೇಲೆ ಯಾರ ಕಣ್ಣೂ ಬೀಳಲಿಲ್ಲ.

● ಆ ಪೈಪಿಗೊಂದು ಬಕೆಟ್ ಇಡಿ. ನೆಲ ಒರೆಸಲು, ಶೌಚಾಲಯಕ್ಕೆ, ಪಾತ್ರೆಯ ಮೊದಲ ಜಾಲಾಟಕ್ಕೆ ಆಗುತ್ತದೆ. ಗಡಸು ಬೋರ್‌ವೆಲ್ ನೀರಾಗಿದ್ದರೆ ಕುಂಡದ ಗಿಡಗಳಿಗೆ ದಿನಾ ಹಾಕಬೇಡಿ, ಉಪ್ಪು ಕೂಡಿಕೊಂಡು ಎಲೆಯಂಚು ಸುಡುತ್ತದೆ.

● ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನೇ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಮಾರಾಟವೇನೂ ನಿಲ್ಲಲಿಲ್ಲ.

● ಹಾಗೆಂದು ಆರ್‌ಒವನ್ನು ಬೈದುಕೊಂಡೇ ಕೂರುವಂತಿಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ರಾಯಚೂರು ಕಡೆಯ ಆಳದ ಕೊಳವೆಬಾವಿಗಳಲ್ಲಿ ಬರುವುದು ಬೇರೆಯೇ ನೀರು. ಅದರಲ್ಲಿ ಫ್ಲೋರೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗದು. ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯಿಲ್ಲದಿದ್ದರೆ 1.5. ಅದಕ್ಕೂ ಮೀರಿದ ನೀರನ್ನು ಕುಡಿಯುತ್ತ ಬೆಳೆದ ಮಕ್ಕಳ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಮಚ್ಚೆ, ಆಮೇಲೆ ಕಂದು ಗೆರೆ ಮೂಡುತ್ತವೆ. ಬ್ರಷ್ ಎಷ್ಟು ಉಜ್ಜಿದರೂ ಹೋಗದ ಕಲೆ ಅದು. ಇನ್ನೂ ಹೆಚ್ಚಿನ ಪ್ರಮಾಣವನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಮೊಣಕಾಲು ಸೆಟೆದುಕೊಳ್ಳುತ್ತವೆ. ಎಲುಬಿಗೆ ಬಡಿಯುವ ಈ ಕಾಯಿಲೆ ಭಾರತದಲ್ಲಿ ಮೊದಲು ದಾಖಲಾದದ್ದು 1937ರಲ್ಲಿ, ಗಡಿಯಾಚೆಯ ನೆಲ್ಲೂರಿನ ಕಡೆಯಿಂದ.

ಇಂಥ ಊರುಗಳಲ್ಲಿ "ನಾವು ಕುದಿಸಿಯೇ ಕುಡಿಯೋದು ಸ್ವಾಮಿ" ಎನ್ನುವ ಧೈರ್ಯ ತಿರುಗುಬಾಣ. ಕುದಿಸಿದಾಗ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಗೊಬ್ಬರ, ಕೊಟ್ಟಿಗೆ, ಶೌಚಗುಂಡಿಗಳಿಂದ ಇಳಿಯುವ ನೈಟ್ರೇಟ್‌ದೂ ಇದೇ ಕಥೆ. ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಯಾವುದೂ ಇವನ್ನು ಮುಟ್ಟುವುದಿಲ್ಲ. ಇಲ್ಲಿ ಆರ್‌ಒಗೆ ಕೊಡುವ ದುಡ್ಡು ದಂಡವಲ್ಲ. ಮನೆಗೆ ತರಲಾಗದವರಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕವಿದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆ ಕೋಣೆಯೊಳಗೆ ಓಡುವುದೂ ದೊಡ್ಡದೊಂದು ಆರ್‌ಒ.

● ಹುಷಾರು: ಬಹಳಷ್ಟು ಆರ್‌ಒ ಮಷಿನ್‌ಗಳಲ್ಲಿ 'ಟಿಡಿಎಸ್ ಕಂಟ್ರೋಲರ್' ಎಂಬ ಸಣ್ಣ ತಿರುಪು ಇರುತ್ತದೆ. ಸಪ್ಪೆ ನೀರಿಗೆ ರುಚಿ ಬರಲಿ ಎಂದು ಸರ್ವಿಸ್ ಹುಡುಗ ಅದನ್ನು ಸ್ವಲ್ಪ ತಿರುಗಿಸಿ ಹೋಗುತ್ತಾನೆ. ಅದು ಖನಿಜವನ್ನು ಎಲ್ಲಿಂದಲೋ ತಂದು ಸೇರಿಸುವುದಿಲ್ಲ, ಪೊರೆ ದಾಟದ ನೀರನ್ನೇ ಒಂದಿಷ್ಟು ಬೆರೆಸುತ್ತದೆ. ಫ್ಲೋರೈಡ್ ಇರುವ ಊರಿನಲ್ಲಿ ಆ ತಿರುಪು ತೆರೆದರೆ, ಮುಂಬಾಗಿಲಲ್ಲಿ ಕಳಿಸಿದ್ದನ್ನು ಹಿತ್ತಲಿನಿಂದ ಕರೆದುಕೊಂಡ ಹಾಗಾಯಿತು.

● "ಆರ್‌ಒ ನೀರಿನಲ್ಲಿ ಖನಿಜವೇ ಇರಲ್ಲ, ಮೂಳೆ ಸವೆಯುತ್ತೆ" ಎನ್ನುವ ಮಾತಿಗೆ ಒಂದು ರಾಗಿ ಲೆಕ್ಕ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಗಡಸುತನ 200 ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದು, ಆ ಗಡಸೆಲ್ಲ ಕ್ಯಾಲ್ಸಿಯಮ್ಮೇ ಎಂದುಕೊಂಡರೂ ಸಿಗುವುದು 160. ಮುದ್ದೆ, ಮಜ್ಜಿಗೆ ಬಿಟ್ಟಿಲ್ಲದ ಮನೆಯಲ್ಲಿ ಈ ಚಿಂತೆ ಬೇಡ. ಬನ್ನು-ನೂಡಲ್ಸ್ ಮನೆಯವರು ಚಿಂತಿಸಬೇಕಾದದ್ದು ನೀರಿನ ಬಗ್ಗೆ ಅಲ್ಲ.

● ಬೇಳೆ ಬೇಯದಿದ್ದರೆ, ಸೋಪು ನೊರೆ ಬಾರದಿದ್ದರೆ, ನಲ್ಲಿಯ ಬಾಯಿಗೆ ಬಿಳಿ ಹಕ್ಕಳೆ ಕಟ್ಟಿದರೆ ಅದು ಗಡಸು ನೀರು. ಸ್ನಾನ, ಗೀಸರ್, ವಾಷಿಂಗ್ ಮಷಿನ್ನಿಗೆ ಸಾಫ್ಟನರ್ ಹಾಕಿಸುತ್ತಾರೆ. ಅದು ಕ್ಯಾಲ್ಸಿಯಂ ತೆಗೆದು ಬದಲಿಗೆ ಸೋಡಿಯಂ ಬಿಡುತ್ತದೆ, ರೋಗಾಣುಗಳ ತಂಟೆಗೆ ಹೋಗುವುದಿಲ್ಲ. ಸಾಫ್ಟನರ್ ಇದೆ ಎಂದ ಮಾತ್ರಕ್ಕೆ ಆ ನೀರು ಕುಡಿಯಲು ತಯಾರಾಗಿದೆ ಎಂದಲ್ಲ.

● ಯುವಿ ಫಿಲ್ಟರ್ ಏನನ್ನೂ ಸೋಸುವುದಿಲ್ಲ. ಸುಮಾರು 254 ನ್ಯಾನೋಮೀಟರ್ ತರಂಗದ ಕಿರಣ ರೋಗಾಣುಗಳ ಡಿಎನ್‌ಎಯನ್ನು ಕೆಡಿಸಿ, ಅವು ಸಂತಾನ ಬೆಳೆಸದಂತೆ ಮಾಡುತ್ತದೆ. ನೀರು ಕದಡಿದ್ದರೆ ಕಿರಣ ಕಣಗಳ ಹಿಂದೆ ತಲುಪದು, ಆದ್ದರಿಂದಲೇ ಮುಂದೊಂದು ಸೋಸುವ ಕ್ಯಾಂಡಲ್ ಇಟ್ಟಿರುತ್ತಾರೆ. ಸರಿಯಾಗಿ ಬರುವ ಕಾವೇರಿ, ತುಂಗಾ, ಕಬಿನಿ ನಲ್ಲಿ ನೀರಿಗೆ ನನ್ನ ಓಟು ಇದಕ್ಕೇ. ನೀರು ಚೆಲ್ಲುವುದಿಲ್ಲ, ಕರೆಂಟು ಒಂದು ಸಣ್ಣ ಬಲ್ಬಿನಷ್ಟು.

● ಆ ದೀಪದ ನೀಲಿ ಬೆಳಕು ರೋಗಾಣು ಕೊಲ್ಲುವ ಬೆಳಕಲ್ಲ! ಕೊಲ್ಲುವ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ದೀಪಕ್ಕೆ ವಯಸ್ಸಾದಂತೆ ಅದರ ಶಕ್ತಿ ಕುಗ್ಗುತ್ತದೆ, ನೀಲಿ ಮಾತ್ರ ಮಿನುಗುತ್ತಲೇ ಇರುತ್ತದೆ. ಉರಿಯುತ್ತಿದೆಯಲ್ಲ ಎಂದು ವರ್ಷಗಟ್ಟಲೆ ಬಿಡಬೇಡಿ.

● ಅಜ್ಜಿ ಮನೆಯ ಸ್ಟೀಲಿನ ಎರಡಂತಸ್ತಿನ ಕ್ಯಾಂಡಲ್ ಫಿಲ್ಟರಿಗೆ ದೊಡ್ಡ ಮನೆತನವಿದೆ. 1884ರಲ್ಲಿ ಲೂಯಿ ಪಾಶ್ಚರ್ ಅವರ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಶಾಂಬರ್ಲಾಂ ಮಾಡಿದ ಪಿಂಗಾಣಿ ಫಿಲ್ಟರ್ ಬ್ಯಾಕ್ಟೀರಿಯಾಗಳನ್ನು ತಡೆಯಿತು. 1892ರಲ್ಲಿ ರಷ್ಯಾದ ದ್ಮಿತ್ರಿ ಇವಾನೋವ್‌ಸ್ಕಿ ರೋಗ ಹಿಡಿದ ಹೊಗೆಸೊಪ್ಪಿನ ರಸವನ್ನು ಅದೇ ಬಗೆಯ ಫಿಲ್ಟರಿನಲ್ಲಿ ಸೋಸಿದರು. ಸೋಸಿದ ರಸವೂ ರೋಗ ಅಂಟಿಸಿತು. ಬ್ಯಾಕ್ಟೀರಿಯಾಕ್ಕಿಂತ ಸಣ್ಣದೇನೋ ಇದೆ ಎಂಬ ಸುಳಿವು ಸಿಕ್ಕಿದ್ದು ಹಾಗೆ. ಅದೇ ಮುಂದೆ ವೈರಸ್ ಎನಿಸಿಕೊಂಡಿತು. ಆದ್ದರಿಂದ ಕ್ಯಾಂಡಲ್ ಇದ್ದರೂ ಮಳೆಗಾಲದಲ್ಲಿ ನೀರು ಕುದಿಸುವ ಅಜ್ಜಿಯ ಪದ್ಧತಿಗೆ ವಿಜ್ಞಾನದ ಬೆಂಬಲವಿದೆ. ಕ್ಯಾಂಡಲನ್ನು ಮೆತ್ತನೆ ಬ್ರಷ್‌ನಿಂದ ಬರೀ ನೀರಿನಲ್ಲಿ ಉಜ್ಜಿ, ಸೋಪು ಬೇಡ. ಕೂದಲೆಳೆ ಬಿರುಕು ಕಂಡರೂ ಅದನ್ನು ಬದಲಿಸಿ.

● ಕುದಿಸುವುದೆಂದರೆ ಎಷ್ಟು ಹೊತ್ತು? ಗುಳ್ಳೆ ಎದ್ದು ಮರಳುವಂತೆ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. ಹತ್ತು, ಇಪ್ಪತ್ತು ನಿಮಿಷ ಎನ್ನುವುದೆಲ್ಲ ಗ್ಯಾಸಿಗೆ ದಂಡ.

● ಗ್ಯಾಸಿನ ಲೆಕ್ಕವನ್ನೂ ಹಾಕೋಣ. 14.2 ಕೆ.ಜಿ.ಯ ಒಂದು ಸಿಲಿಂಡರ್, ಒಲೆಯ ಸುತ್ತ ಪೋಲಾಗುವ ಶಾಖ ಕಳೆದು, ಸುಮಾರು 1,000 ಲೀಟರ್ ನೀರು ಕುದಿಸುತ್ತದೆ. ಸಿಲಿಂಡರ್ 900 ರೂಪಾಯಿ ಎಂದುಕೊಂಡರೆ ಲೀಟರಿಗೆ 90 ಪೈಸೆ. ಆರ್‌ಒ ಮಷಿನ್ 12,000ಕ್ಕೆ ಕೊಂಡು ಆರು ವರ್ಷ ಬಳಸಿ, ಸರ್ವಿಸ್ಸಿಗೆ ವರ್ಷಕ್ಕೆ 4,000 ಕೊಟ್ಟರೆ, ದಿನಕ್ಕೆ 12 ಲೀಟರಿನ ಮನೆಗೆ ಲೀಟರಿಗೆ ಒಂದು ರೂಪಾಯಿ 37 ಪೈಸೆ ಬೀಳುತ್ತದೆ. 40 ರೂಪಾಯಿಯ 20 ಲೀಟರ್ ಕ್ಯಾನ್ ತರಿಸಿದರೆ ಎರಡು ರೂಪಾಯಿ. 5 ರೂಪಾಯಿಗೆ 20 ಲೀಟರ್ ಕೊಡುವ ಘಟಕದಲ್ಲಿ 25 ಪೈಸೆ, ಜೊತೆಗೆ ಹೊತ್ತು ತರುವವರ ಸೊಂಟ. ನಿಮ್ಮೂರಿನ ದರ ಹಾಕಿ ನೀವೇ ಗುಣಿಸಿ ನೋಡಿ. ಒಂಟಿಯಾಗಿರುವವರಿಗೆ, ದಿನಕ್ಕೆ ಮೂರು ಲೀಟರ್ ಸಾಕೆನ್ನುವವರಿಗೆ ಮಷಿನ್ ಲೆಕ್ಕ ಕೂಡಿಬರುವುದೇ ಇಲ್ಲ: ಲೀಟರಿಗೆ ಐದು ರೂಪಾಯಿ ದಾಟುತ್ತದೆ.

● ಅದರಲ್ಲೂ ಮಷಿನ್ನಿನ ಬೆಲೆ ಸಣ್ಣ ಪಾಲು. ಮೇಲಿನ ಲೆಕ್ಕದಲ್ಲಿ ಆರು ವರ್ಷಕ್ಕೆ ಮಷಿನ್ 12,000, ಸರ್ವಿಸ್ 24,000. ಅಂಗಡಿಯಲ್ಲಿ ಚೌಕಾಸಿ ಮಾಡಬೇಕಾದದ್ದು ಎಎಂಸಿ, ಅಂದರೆ ವಾರ್ಷಿಕ ಸರ್ವಿಸ್ ಒಪ್ಪಂದದ ಮೇಲೆ. ಪೊರೆ ಅದರಲ್ಲಿ ಸೇರಿದೆಯೇ, ಬರೀ ಕ್ಯಾಂಡಲ್ ಮಾತ್ರವೇ ಎಂದು ಬರೆಸಿಕೊಳ್ಳಿ.

● ಇಲ್ಲಿ ಟಿಡಿಎಸ್ ಮೀಟರಿಗೆ ಅದರ ಪಾಲಿನ ಮರ್ಯಾದೆ ಕೊಡೋಣ. ಮಷಿನ್ ಹೊಸದಿದ್ದಾಗ ಒಳಗೆ ಹೋಗುವ ನೀರು, ಹೊರಬರುವ ನೀರು ಎರಡನ್ನೂ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ತಿಂಗಳುಗಳು ಕಳೆದಂತೆ ಹೊರಬರುವ ಅಂಕಿ ಏರತೊಡಗಿದರೆ ಪೊರೆ ಸೋತಿದೆ ಎಂದರ್ಥ. ಏರದಿದ್ದರೆ, "ಮೇಡಂ, ಮೆಂಬ್ರೇನ್ ಹೋಗಿದೆ" ಎಂದವರಿಗೆ ಆ ಕ್ಯಾಲೆಂಡರ್ ತೋರಿಸಿ.

● ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುವುದನ್ನು ಹಳ್ಳಿಗಮಾರತನ ಎಂದು ನಗುವವರಿಗೆ: ಬಾಂಗ್ಲಾದೇಶದ ಮತ್ಲಬ್‌ನ ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ತಂಡದವರು ಹಳೆಯ ಸೀರೆಯನ್ನು ಹಲವು ಪದರ ಮಡಚಿ ನೀರು ಸೋಸುವುದನ್ನು ಹೇಳಿಕೊಟ್ಟರು. ಕಾಲರಾ 48 ಪ್ರತಿಶತ ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಕಾಲರಾದ ರೋಗಾಣು ನೀರಿನ ಸೂಕ್ಷ್ಮಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ, ಸೀರೆ ಆ ಜೀವಿಗಳನ್ನು ಹಿಡಿಯುತ್ತದೆ. ಹೊಸ ಸೀರೆಗಿಂತ ಒಗೆದು ಒಗೆದು ಹಳತಾದ ಸೀರೆಯೇ ಮೇಲು, ನೂಲು ಸಡಿಲಗೊಂಡು ಸಂದುಗಳು ಕಿರಿದಾಗಿರುತ್ತವೆ. ಆದರೆ ನಮ್ಮ ನಲ್ಲಿಯ ಬಟ್ಟೆ ಪಾಚಿಗಟ್ಟಿ ಹಸಿರಾದ ಮೇಲೂ ಅಲ್ಲೇ ಜೋತಾಡುತ್ತಿರುತ್ತದೆ. ಅದನ್ನು ದಿನವೂ ಒಗೆದು ಬಿಸಿಲಿಗೆ ಹಾಕಬೇಕು.

● ತಾಮ್ರದ ಬಿಂದಿಗೆಯ ವಿಷಯಕ್ಕೂ ಪುರಾವೆಯಿದೆ. ಬೇಧಿ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರೆ ಅವು ಉಳಿಯುವುದಿಲ್ಲ ಎಂದು ಬೆಂಗಳೂರಿನದೇ ಸಂಶೋಧಕರು 2012ರಲ್ಲಿ ತೋರಿಸಿದರು. 16 ಗಂಟೆ ಎನ್ನುವುದನ್ನು ಗಮನಿಸಿ. ಅರ್ಧ ಗಂಟೆ ತಾಮ್ರದ ಲೋಟದಲ್ಲಿಟ್ಟು ಕುಡಿದರೆ ಅದು ಅಲಂಕಾರ.

● ಮಷಿನ್ ಕೊಳ್ಳುವ ಮುನ್ನ ನೀರು ಪರೀಕ್ಷೆ ಮಾಡಿಸುವುದು ಅಂಥ ಖರ್ಚಿನ ಬಾಬತ್ತಲ್ಲ. ಜಲಜೀವನ್ ಮಿಷನ್‌ನಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ಯೋಜನೆಯಿದೆ, ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ. ಜಿಲ್ಲಾ ಕೇಂದ್ರದ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಸಣ್ಣ ಶುಲ್ಕಕ್ಕೆ ಸಾರ್ವಜನಿಕರ ನೀರನ್ನೂ ನೋಡುತ್ತಾರೆ. ಕೇಳಬೇಕಾದದ್ದು ಇಷ್ಟು: ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಮತ್ತೆ ಕೋಲಿಫಾರ್ಮ್ ಬ್ಯಾಕ್ಟೀರಿಯಾ. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದಲ್ಲೊಮ್ಮೆ ಮಾಡಿಸಿದರೆ ನಿಮ್ಮ ಬೋರ್‌ವೆಲ್‌ನ ಎರಡು ಮುಖವೂ ಗೊತ್ತಾಗುತ್ತದೆ. ಕೋಲಿಫಾರ್ಮ್ ಮಾತ್ರ ಬಂದರೆ ಯುವಿ ಅಥವಾ ಒಲೆ. ಫ್ಲೋರೈಡ್, ನೈಟ್ರೇಟ್, ವಿಪರೀತ ಉಪ್ಪು ಬಂದರೆ ಆರ್‌ಒ. ಬರೀ ಕಬ್ಬಿಣವಾದರೆ, ಅಂದರೆ ಕರಾವಳಿ, ಮಲೆನಾಡಿನ ಕೆಮ್ಮಣ್ಣಿನ ಬಾವಿಗಳಲ್ಲಿ ಹಿಡಿದಿಟ್ಟ ನೀರು ಕೆಂಪಾಗುತ್ತದಲ್ಲ, ಅದಕ್ಕೆ ಕಬ್ಬಿಣ ತೆಗೆಯುವ ಫಿಲ್ಟರ್ ಸಾಕು. ಎಲ್ಲವೂ ಸರಿಯಿದ್ದರೆ ಆ ದುಡ್ಡಿನಲ್ಲಿ ಸಂಪ್ ತೊಳೆಸಿ.

● ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಅದನ್ನು ಕೊಡದಲ್ಲಿ ತುಂಬಿಟ್ಟು ದಿನವಿಡೀ ಲೋಟ ಅದ್ದಿ ತೆಗೆದರೆ, ಬೆರಳಿನಿಂದ ಬಿದ್ದ ರೋಗಾಣುಗಳಿಗೆ ಅಲ್ಲಿ ಕೇಳುವವರೇ ಇಲ್ಲ. ನಲ್ಲಿ ಇರುವ ಮಡಕೆ ಅಥವಾ ಉದ್ದ ಹಿಡಿಯ ಸೌಟು ಬಳಸಿ.

● ದಸರಾ ರಜೆಗೆ ಊರಿಗೆ ಹೋಗಿ ವಾರ ಬಿಟ್ಟು ಬಂದಿರೋ, ಮಷಿನ್ ತೊಟ್ಟಿಯಲ್ಲಿ ನಿಂತ ನೀರನ್ನು ಪೂರ್ತಿ ಬಸಿದುಬಿಡಿ. ಇಂಗಾಲದ ಕ್ಯಾಂಡಲ್ ಕ್ಲೋರಿನ್ನನ್ನು ಹೀರಿಕೊಂಡಿರುತ್ತದೆ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಒಳ್ಳೆಯ ಜಾಗ ಅದು. ಇನ್ನೊಂದು ಸಲ ತುಂಬಿಸಿ, ಅದನ್ನೂ ಚೆಲ್ಲಿ, ಮೂರನೆಯ ಸಲದ್ದನ್ನು ಕುಡಿಯಿರಿ.